ಮನೆ ಮಾರುವ ಮುನ್ನ ಎಂಜಿನಿಯರ್ ತಪಾಸಣೆ: ಅವರು ಏನು ನೋಡುತ್ತಾರೆ, ನೀವು ಏನು ಮಾಡಬೇಕು?

ಪ್ರಶ್ನೆ: ಮೈಸೂರಿನಲ್ಲಿ 40×60 ಅಡಿ ನಿವೇಶನದಲ್ಲಿ ನಾವು 1996ರಲ್ಲಿ ಕಟ್ಟಿಸಿದ ಮನೆಯಿದೆ. ಕೆಳಗೆ ನಡುಮನೆ, ಅಡುಗೆಮನೆ ಮತ್ತು ಎರಡು ಮಲಗುವ ಕೋಣೆಗಳು. ಮೇಲೆ ಬಚ್ಚಲಿರುವ ಒಂದು ಕೋಣೆ. ನಾನು ನಿವೃತ್ತ. ಮಗಳ ಊರಿನಲ್ಲಿ ನೆಲೆಸುವ ಉದ್ದೇಶದಿಂದ ಮನೆ ಮಾರಲು ಹೊರಟಿದ್ದೇವೆ. ಬೆಲೆ ಕುದುರಿದೆ, ಟೋಕನ್ ಹಣವೂ ಬಂದಿದೆ. ಆದರೆ ಕರಾರು ಪತ್ರಕ್ಕೆ ಸಹಿ ಹಾಕುವ ಮೊದಲು ಸಿವಿಲ್ ಎಂಜಿನಿಯರ್ ಒಬ್ಬರಿಂದ ಇಡೀ ಮನೆಯನ್ನು ತಪಾಸಣೆ ಮಾಡಿಸಬೇಕೆಂದು ಕೊಳ್ಳುವವರು ಕೇಳುತ್ತಿದ್ದಾರೆ. ಮೂರು ತೊಂದರೆಗಳು ನಮಗೇ ಗೊತ್ತಿವೆ. ಮಳೆಗಾಲದಲ್ಲಿ ಮಲಗುವ ಕೋಣೆಯ ಚಾವಣಿಯ ಮೂಲೆಯಲ್ಲಿ ಕಲೆ ದೊಡ್ಡದಾಗುತ್ತದೆ. ಮೇಲಿನ ಕೋಣೆಯಲ್ಲಿ ಚಾವಣಿಯ ಕೆಳಗೇ ಗೋಡೆಯುದ್ದಕ್ಕೂ ಅಡ್ಡ ಬಿರುಕು ಬಿಟ್ಟಿದೆ. ಮನೆ ಕುಸಿಯುತ್ತಿದೆಯೇನೋ ಎಂದು ನನ್ನ ಹೆಂಡತಿಗೆ ಭಯ. ಮೇಲಿನ ಬಚ್ಚಲಿನ ಕೆಳಗೆ, ನಡುಮನೆಯ ಚಾವಣಿಯಿಂದ ಒಂದಿಷ್ಟು ಗಾರೆ ಉದುರಿ ಕಂಬಿ ಕಾಣುತ್ತಿದೆ. ಒಳಗೆಲ್ಲ ಬಣ್ಣ ಹೊಡೆಸಿ, ನಡುಮನೆಗೆ ಜಿಪ್ಸಮ್ ಸೀಲಿಂಗ್ ಹಾಕಿಸಿಬಿಡಿ ಎನ್ನುತ್ತಾರೆ ದಲ್ಲಾಳಿ. ಎಂಜಿನಿಯರ್ ಸುತ್ತಿಗೆಯಿಂದ ಹೊಡೆದು ನೋಡುವಾಗ ಚಾವಣಿಯೇ ಹಾಳಾಗುತ್ತದೆ ಎನ್ನುತ್ತಾರೆ ನೆರೆಯವರು. ಇದಕ್ಕೆ ಒಪ್ಪಲೇಬೇಕೆ? ಮೊದಲೇ ಏನನ್ನು ರಿಪೇರಿ ಮಾಡಿಸಬೇಕು? ತಪಾಸಣೆಯ ನಂತರ ಅವರು ಹಿಂದೆ ಸರಿದರೆ ಟೋಕನ್ ಗತಿಯೇನು?

ಉತ್ತರ: ನೀವು ಹಲವು ಪ್ರಶ್ನೆಗಳನ್ನು ಕೇಳಿದ್ದರೂ ಅವುಗಳ ಹಿಂದಿರುವ ಆತಂಕ ಒಂದೇ ಎಂದು ನನಗೆ ಅನಿಸುತ್ತದೆ. ಸುಮಾರು ಮೂವತ್ತು ವರ್ಷ ಬಾಳಿದ ಮನೆಯನ್ನು ಹೊರಗಿನವರೊಬ್ಬರು ಅರ್ಧ ದಿನದಲ್ಲಿ ಸುತ್ತಿ ನೋಡಿ ಕೊರತೆಗಳ ಪಟ್ಟಿ ಬರೆಯುತ್ತಾರೆ, ಆ ಪಟ್ಟಿಯನ್ನು ಹಿಡಿದು ಕೊಳ್ಳುವವರು ಬೆಲೆ ಇಳಿಸುತ್ತಾರೆ ಇಲ್ಲವೇ ವ್ಯವಹಾರವನ್ನೇ ಕೈಬಿಡುತ್ತಾರೆ ಎಂಬ ಆತಂಕವದು. ಕೊಳ್ಳುವವರ ಪರವಾಗಿಯೂ ಮಾರುವವರ ಪರವಾಗಿಯೂ ಇಂಥ ತಪಾಸಣೆಗಳನ್ನು ಮಾಡುತ್ತ ಬಂದವನಾಗಿ ನಾನು ಕಂಡಿರುವುದು ಇಷ್ಟು: ಹಳೆಯ ಮನೆಯಲ್ಲಿ ದೋಷ ಸಿಕ್ಕಿತೆಂದು ಮಾತುಕತೆ ಮುರಿಯುವುದು ಕಡಿಮೆ, ದೋಷವನ್ನು ಮುಚ್ಚಿಟ್ಟದ್ದು ಸಿಕ್ಕಿಬಿದ್ದಾಗ ಮುರಿಯುವುದೇ ಹೆಚ್ಚು. ನೀವು ಬರೆದಿರುವ ಮೂರು ತೊಂದರೆಗಳಲ್ಲಿ ನಿಮ್ಮ ಮನೆಯವರು ಹೆದರಿರುವ ಅಡ್ಡ ಬಿರುಕು ಬಹುಶಃ ಎಲ್ಲಕ್ಕಿಂತ ಸಣ್ಣದು. ‘ಒಂದಿಷ್ಟು ಗಾರೆ’ ಎಂದು ನೀವು ಹಗುರವಾಗಿ ಹೇಳಿದ ಜಾಗದಲ್ಲಿಯೇ ಎಂಜಿನಿಯರ್ ಹೆಚ್ಚು ಹೊತ್ತು ನಿಲ್ಲುವುದು.

ಮೊದಲಿಗೆ ಕಾನೂನಿನ ಮಾತು. ಹಳೆಯ ಮನೆಯನ್ನು ಮಾರುವಾಗ ಎಂಜಿನಿಯರ್ ತಪಾಸಣೆ ಆಗಲೇಬೇಕೆಂಬ ಕಡ್ಡಾಯ ನಮ್ಮಲ್ಲಿಲ್ಲ. ಅಮೆರಿಕದಲ್ಲಿ ಇದು ಮನೆ ಮಾರಾಟದ ಕರಾರಿನಲ್ಲಿಯೇ ಸಾಮಾನ್ಯವಾಗಿ ಸೇರಿರುವ ಹಂತ. ಅಲ್ಲಿ ಕೆಲವು ವರ್ಷ ಇದ್ದು ಬಂದವರು ಇಲ್ಲಿಯೂ ಅದನ್ನು ಕೇಳತೊಡಗಿದ್ದಾರೆ. ನೀವು ಒಲ್ಲೆ ಎನ್ನಬಹುದು, ಹಾಗೆಂದಾಗ ಅವರು ಕೊಳ್ಳುವುದಿಲ್ಲ ಎನ್ನಬಹುದು. ಆದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೆಯ ಕಲಮು ಮಾರುವವರ ಮೇಲೆ ಒಂದು ಹೊಣೆಯನ್ನು ಹೊರಿಸುತ್ತದೆ. ಆಸ್ತಿಯಲ್ಲಿ ತನಗೆ ಗೊತ್ತಿರುವ, ಕೊಳ್ಳುವವರಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಅವರ ಕಣ್ಣಿಗೆ ಬೀಳದಂಥ ಮಹತ್ವದ ದೋಷವಿದ್ದರೆ ಮಾರುವವರು ಅದನ್ನು ತಿಳಿಸಬೇಕು. ತಿಳಿಸದೆ ಬಿಡುವುದನ್ನು ವಂಚನೆ ಎಂದೇ ಆ ಕಲಮು ಎಣಿಸುತ್ತದೆ. ಕಟ್ಟಡದ ದೋಷಕ್ಕೆ ಐದು ವರ್ಷದ ಹೊಣೆ ಎಂದು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ಹೆಸರಿನಲ್ಲಿ ಕೇಳಿಬರುವ ಮಾತು ಬಿಲ್ಡರುಗಳಿಗೆ, ಅಂದರೆ ಯೋಜನೆಯ ಪ್ರವರ್ತಕರಿಗೆ, ಸಂಬಂಧಿಸಿದ್ದು. ವಾಸದ ಮನೆಯನ್ನು ಮಾರುವ ನಿಮ್ಮಂಥವರಿಗೆ ಅದು ಅನ್ವಯಿಸುವುದಿಲ್ಲ. ಇನ್ನು ಸಾಲ ಕೊಡುವ ಬ್ಯಾಂಕಿನ ಮೌಲ್ಯಮಾಪಕರು ಬಂದು ಹೋಗುವುದನ್ನು ತಪಾಸಣೆ ಎಂದು ತಿಳಿಯಬೇಡಿ. ಮನೆ ನಕ್ಷೆಯಂತಿದೆಯೇ, ಸಾಲಕ್ಕೆ ತಕ್ಕ ಬೆಲೆ ಬಾಳುತ್ತದೆಯೇ ಎಂಬುದು ಅವರ ಕೆಲಸ. ಬಚ್ಚಲು ಸೋರುತ್ತದೆಯೇ ಎಂಬುದು ಅಷ್ಟಾಗಿ ಅಲ್ಲ.

ದಲ್ಲಾಳಿಯ ಸಲಹೆಯನ್ನು ಈ ಕಲಮಿನ ಬೆಳಕಿನಲ್ಲಿ ನೋಡಿ. ಚಾವಣಿಯ ಕಂಬಿ ಇಂದು ಯಾರ ಕಣ್ಣಿಗಾದರೂ ಕಾಣುತ್ತದೆ, ಹಾಗಾಗಿ ‘ನಮಗೆ ಗೊತ್ತಾಗಲಿಲ್ಲ’ ಎಂದು ಕೊಳ್ಳುವವರು ಮುಂದೆ ದೂರುವಂತಿಲ್ಲ. ಜಿಪ್ಸಮ್ ಸೀಲಿಂಗ್ ಹಾಕಿಸಿದ ಮರುದಿನ ಅದೇ ದೋಷ ನಿಮಗಷ್ಟೇ ಗೊತ್ತಿರುವ, ಅವರಿಗೆ ಕಾಣಲು ಸಾಧ್ಯವಿಲ್ಲದ ದೋಷವಾಗುತ್ತದೆ. ಹಣ ಖರ್ಚು ಮಾಡಿ ನಿಮ್ಮ ಹೊಣೆಯನ್ನು ನೀವೇ ದೊಡ್ಡದು ಮಾಡಿಕೊಂಡಂತೆ. ಮೇಲಾಗಿ ಇದು ಎಂಜಿನಿಯರಿಂದ ತಪ್ಪಿಸಿಕೊಳ್ಳುವುದೂ ಕಷ್ಟ. ಮಾರಾಟಕ್ಕಿರುವ ಹಳೆಯ ಮನೆಯಲ್ಲಿ ಒಂದೇ ಕೋಣೆಗೆ ಹೊಸ ಸೀಲಿಂಗ್, ಒಂದೇ ಗೋಡೆಗೆ ಹೊಸ ಬಣ್ಣ ಕಂಡರೆ ನಾವು ಮೊದಲು ಹೋಗಿ ನಿಲ್ಲುವುದು ಅಲ್ಲಿಯೇ. ಲೈಟಿನ ರಂಧ್ರದಿಂದ ಕ್ಯಾಮೆರಾ ತೂರಿಸಿ ಮೇಲೆ ನೋಡಬಹುದು. ತೇವಮಾಪಕವನ್ನು ಗೋಡೆಗೆ ಒತ್ತಿದರೆ ಬಣ್ಣದ ಹಿಂದಿನ ತೇವ ಗೊತ್ತಾಗುತ್ತದೆ. ತೇವವಿರುವ ಗೋಡೆಗೆ ಹೊಡೆದ ಬಣ್ಣ ಒಂದು ಮಳೆಗಾಲ ಕಳೆಯುವುದರೊಳಗೆ ಗುಳ್ಳೆಯೆದ್ದು ಸುಲಿಯುತ್ತದೆ ಎಂಬುದಂತೂ ನಿಮಗೇ ಗೊತ್ತಿರುವ ಸಂಗತಿ.

ಈಗ ಕಂಬಿಯ ವಿಚಾರಕ್ಕೆ ಬರೋಣ. ಕಾಂಕ್ರೀಟು ಹೊಸದಾಗಿದ್ದಾಗ ಬಲವಾದ ಕ್ಷಾರಗುಣ ಹೊಂದಿರುತ್ತದೆ. ಆ ಗುಣವೇ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಕಾಯುತ್ತದೆ. ವರ್ಷಗಳು ಉರುಳಿದಂತೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಮೇಲ್ಮೈಯಿಂದ ನಿಧಾನವಾಗಿ ಒಳಗಿಳಿದು ಕ್ಷಾರಗುಣವನ್ನು ಕುಗ್ಗಿಸುತ್ತ ಹೋಗುತ್ತದೆ. ಅದು ಕಂಬಿಯವರೆಗೆ ತಲುಪಿ, ಜೊತೆಗೆ ನೀರೂ ಸಿಕ್ಕಿತೆಂದರೆ ತುಕ್ಕು ಆರಂಭವಾಗುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದ ಕೆಳಗಿನ ಕಾಂಕ್ರೀಟನ್ನು ಒಳಗಿನಿಂದಲೇ ತಳ್ಳಿ ಚಕ್ಕೆಯೆಬ್ಬಿಸುತ್ತದೆ. ನಿಮಗೆ ಕಂಡಿರುವುದು ಬರೀ ಗಾರೆ ಉದುರಿದ್ದಾಗಿರಲಾರದು, ಕಾಂಕ್ರೀಟಿನ ಹೊದಿಕೆಯೇ ಬಿದ್ದಿರಬೇಕು. ನಿಮ್ಮ ಮನೆ ಕಟ್ಟಿದ ಕಾಲದಲ್ಲಿ ಜಾರಿಯಲ್ಲಿದ್ದ, ಕಾಂಕ್ರೀಟು ಕೆಲಸದ ಭಾರತೀಯ ಮಾನದಂಡವಾದ ಐಎಸ್ 456ರ 1978ರ ಆವೃತ್ತಿ ಚಾವಣಿಯ ಕಂಬಿಗೆ ಕನಿಷ್ಠ 15 ಮಿ.ಮೀ. ಹೊದಿಕೆ ಬೇಕೆನ್ನುತ್ತಿತ್ತು, 2000ದ ಪರಿಷ್ಕರಣೆ ಅದನ್ನು ಸಾಮಾನ್ಯವಾಗಿ 20 ಮಿ.ಮೀ.ಗೆ ಏರಿಸಿತು. ಪುಸ್ತಕದಲ್ಲಿ ಏನಿದ್ದರೂ ಆಗಿನ ಕೆಲಸಗಳಲ್ಲಿ ಕಂಬಿಯ ಕೆಳಗೆ ಜಲ್ಲಿಯ ಚೂರೊಂದನ್ನು ಇಟ್ಟು ಕಾಂಕ್ರೀಟು ಸುರಿಯುತ್ತಿದ್ದುದು, ಜನ ಓಡಾಡಿದಾಗ ಚೂರು ಜಾರಿ ಕಂಬಿ ಸೆಂಟ್ರಿಂಗ್ ಹಲಗೆಯ ಮೇಲೇ ಮಲಗುತ್ತಿದ್ದುದು ಸಾಮಾನ್ಯ. ಅಂಥ ಜಾಗದ ಮೇಲೆಯೇ ಬಚ್ಚಲು ಬಂದು ಅದರ ನೆಲ ಸೋರತೊಡಗಿದರೆ ಫಲ ಇದೇ.

ಇದು ಮನೆ ಬೀಳುವ ಸೂಚನೆಯೇ? ಒಂದೆರಡು ಅಡಿ ಜಾಗದಲ್ಲಿ ಮಾತ್ರ ಹೀಗಾಗಿದ್ದರೆ, ಕಂಬಿಯ ದಪ್ಪ ಹೆಚ್ಚು ಸವೆದಿಲ್ಲದಿದ್ದರೆ, ಖಂಡಿತ ಅಲ್ಲ. ಆದರೆ ಮೇಸ್ತ್ರಿಯನ್ನು ಕರೆಸಿ ಸಿಮೆಂಟು ಗಾರೆ ಮೆತ್ತಿಸಿದರೆ ಅದು ರಿಪೇರಿಯೂ ಆಗದು. ಮೊದಲು ಮೇಲಿನ ಬಚ್ಚಲಿನ ಸೋರಿಕೆ ನಿಲ್ಲಬೇಕು. ನಂತರ ಸಡಿಲವಾದ ಕಾಂಕ್ರೀಟನ್ನು ಕಂಬಿಯ ಹಿಂಬದಿಯವರೆಗೂ ಕೆತ್ತಿ ತೆಗೆದು, ತಂತಿ ಬ್ರಷ್ಷಿನಿಂದ ತುಕ್ಕನ್ನು ಪೂರ್ತಿ ಉಜ್ಜಿ, ತುಕ್ಕುನಿರೋಧಕ ಲೇಪ ಹಚ್ಚಿ, ತೀರಾ ಸವೆದ ಕಡೆ ಪಕ್ಕದಲ್ಲಿ ಹೊಸ ಕಂಬಿ ಕಟ್ಟಿ, ಪಾಲಿಮರ್ ಬೆರೆಸಿದ ಗಾರೆಯನ್ನು ಪದರ ಪದರವಾಗಿ ತುಂಬಿ ಕ್ಯೂರಿಂಗ್ ಮಾಡಬೇಕು. ಕೆಲಸದ ಪ್ರತಿ ಹಂತದಲ್ಲಿಯೂ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಮುಗಿದ ರಿಪೇರಿಯನ್ನು ನೋಡಿ ಅದು ಒಳ್ಳೆಯದೋ ಮುಚ್ಚುಮರೆಯೋ ಎಂದು ಹೇಳುವುದು ನಮಗೂ ಕಷ್ಟ. ಕಂಬಿಯನ್ನು ಉಜ್ಜಿದ ಫೋಟೊ, ಬಳಸಿದ ವಸ್ತುವಿನ ಬಿಲ್ಲು ಎದುರಿಗಿದ್ದರೆ ಆ ಸಂದೇಹ ಉಳಿಯುವುದಿಲ್ಲ.

ಸುತ್ತಿಗೆಯ ಭಯವನ್ನು ಬಿಡಿ. ಎಂಜಿನಿಯರ್ ಚಾವಣಿಯನ್ನು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋಗುವುದು, ಮಡಕೆ ಕೊಳ್ಳುವಾಗ ಬೆರಳಿನಿಂದ ತಟ್ಟಿ ನೋಡುವಂತೆ, ಒಳಗೆ ಟೊಳ್ಳಾದ ಜಾಗದ ಸದ್ದನ್ನು ಕೇಳುವುದಕ್ಕೆ. ಅಷ್ಟು ತಟ್ಟಿದ್ದಕ್ಕೆ ಬೀಳುವ ಚಕ್ಕೆ ಇಂದಲ್ಲ ನಾಳೆ ಯಾರದೋ ತಲೆಯ ಮೇಲೆ ಬೀಳುವಂಥದ್ದೇ. ನೆರೆಯವರು ಹೇಳಿದ್ದು ಬಹುಶಃ ರಿಬೌಂಡ್ ಹ್ಯಾಮರ್ ಎಂಬ ಉಪಕರಣದ ಬಗ್ಗೆ. ಸ್ಪ್ರಿಂಗಿನ ಬಲದಿಂದ ಬಡಿದು ಎಷ್ಟು ಹಿಂದಕ್ಕೆ ಪುಟಿಯಿತು ಎಂಬುದರಿಂದ ಮೇಲ್ಮೈಯ ಗಡಸುತನವನ್ನು ಅದು ಅಂದಾಜಿಸುತ್ತದೆ. ಸಣ್ಣ ಗುರುತಿನ ಹೊರತು ಹಾನಿ ಮಾಡುವುದಿಲ್ಲ. ಅದರ ಮಿತಿಯನ್ನೂ ನೀವು ತಿಳಿದಿರುವುದು ಒಳ್ಳೆಯದು. ಮೇಲೆ ಹೇಳಿದ ಇಂಗಾಲದ ಕ್ರಿಯೆಯಿಂದ ಹಳೆಯ ಕಾಂಕ್ರೀಟಿನ ಮೇಲ್ಪದರ ಗಡಸಾಗುವುದರಿಂದ ಅಂಕಿ ನಿಜಕ್ಕಿಂತ ಹೆಚ್ಚು ಬರುತ್ತದೆ, ಹಾಗಾಗಿ ಆ ಒಂದು ಅಂಕಿಯನ್ನೇ ನೆಚ್ಚಿ ‘ಗಟ್ಟಿಯಾಗಿದೆ’ ಎಂದು ಬರೆದ ವರದಿಗೆ ಹೆಚ್ಚು ಬೆಲೆಯಿಲ್ಲ. ಕೆತ್ತಿದ ಜಾಗಕ್ಕೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿ ನೋಡುವ ಪರೀಕ್ಷೆ ಅದಕ್ಕಿಂತ ಅಗ್ಗ, ಹೇಳುವುದು ಹೆಚ್ಚು: ಕ್ಷಾರಗುಣ ಉಳಿದಿರುವ ಕಡೆ ಕಡುಗುಲಾಬಿ ಬಣ್ಣ ಬರುತ್ತದೆ, ಕಳೆದುಹೋದ ಕಡೆ ಬಣ್ಣವೇ ಬರುವುದಿಲ್ಲ. ಡ್ರಿಲ್ಲಿನಿಂದ ಕಾಂಕ್ರೀಟಿನ ತುಂಡನ್ನು ಕೊರೆದು ತೆಗೆಯುವ ಕೋರ್ ಪರೀಕ್ಷೆ ಮಾತ್ರ ರಂಧ್ರ ಉಳಿಸುವಂಥದ್ದು. ನಿಮ್ಮಂಥ ಮನೆಗೆ ಅದು ಬೇಕಾಗುವ ಸಂಭವ ಕಡಿಮೆ. ಆದರೂ ಕೊರೆಯುವ, ಒಡೆಯುವ ಯಾವ ಪರೀಕ್ಷೆಯನ್ನೂ ನಿಮ್ಮ ಲಿಖಿತ ಒಪ್ಪಿಗೆಯಿಲ್ಲದೆ ಮಾಡಕೂಡದೆಂದು ಮೊದಲೇ ತಿಳಿಸಿಬಿಡಿ.

ಮೇಲಿನ ಕೋಣೆಯ ಅಡ್ಡ ಬಿರುಕು ಇಟ್ಟಿಗೆ ಗೋಡೆಯ ಮೇಲೆ ನೇರವಾಗಿ ಕೂತ ಆರ್‌ಸಿಸಿ ಚಾವಣಿಗಳಲ್ಲಿ, ಅದರಲ್ಲೂ ಎಲ್ಲಕ್ಕಿಂತ ಮೇಲಿನ ಅಂತಸ್ತಿನಲ್ಲಿ, ಬಹಳ ಸಾಮಾನ್ಯ. ಬಿಸಿಲಿಗೆ ಚಾವಣಿ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. 10 ಮೀಟರ್ ಉದ್ದದ ಕಾಂಕ್ರೀಟು 20 ಡಿಗ್ರಿ ಸೆಲ್ಸಿಯಸ್ ಏರಿಳಿತಕ್ಕೆ ಸುಮಾರು 2 ಮಿ.ಮೀ. ಹಿಗ್ಗಿ ಕುಗ್ಗುತ್ತದೆ. ನೆರಳಿನಲ್ಲಿರುವ ಗೋಡೆ ಅಷ್ಟು ಸರಿಯುವುದಿಲ್ಲವಾದ್ದರಿಂದ ಎರಡೂ ಸೇರುವ ಜಾಗದಲ್ಲಿ ಗೆರೆ ಬೀಳುತ್ತದೆ. ಗಟ್ಟಿ ಸಿಮೆಂಟಿನಿಂದ ಮುಚ್ಚಿದರೆ ಮುಂದಿನ ಬೇಸಗೆಯಲ್ಲಿ ಮತ್ತೆ ತೆರೆದುಕೊಳ್ಳುತ್ತದೆ. ಎಳೆದಾಡುವ ಗುಣವಿರುವ ಸೀಲೆಂಟ್ ತುಂಬಿ, ತಾರಸಿಯ ಮೇಲೆ ಬಿಸಿಲನ್ನು ಹಿಂದಕ್ಕೆ ಎಸೆಯುವ ಬಿಳಿ ಲೇಪ ಹೊಡೆಸಿದರೆ ಸಾಕು. ನಾವು ಕಾಳಜಿಯಿಂದ ನೋಡುವ ಬಿರುಕುಗಳು ಬೇರೆ. ಬಾಗಿಲು, ಕಿಟಕಿಯ ಮೂಲೆಯಿಂದ ಓರೆಯಾಗಿ ಮೆಟ್ಟಿಲು ಮೆಟ್ಟಿಲಾಗಿ ಏರುವ, ಒಂದು ತುದಿಯಲ್ಲಿ ಅಗಲವಾಗಿ ಇನ್ನೊಂದು ತುದಿಯಲ್ಲಿ ಕಿರಿದಾಗುವ, ಗೋಡೆಯ ಎರಡೂ ಬದಿಗೆ ಕಾಣುವ ಬಿರುಕುಗಳು ಪಾಯ ಕುಸಿದಿರುವುದನ್ನು ಹೇಳಬಲ್ಲವು. ಅಂಥದ್ದು ನಿಮ್ಮ ಮನೆಯಲ್ಲಿದ್ದಂತೆ ಪತ್ರದಿಂದ ತೋರುವುದಿಲ್ಲ.

ಮಲಗುವ ಕೋಣೆಯ ಕಲೆ ಮಳೆಗಾಲದಲ್ಲಿ ಹೆಚ್ಚುತ್ತದೆ ಎಂದಿರುವುದರಿಂದ ನೀರು ತಾರಸಿಯಿಂದಲೇ ಬರುತ್ತಿರಬೇಕು. ಅಲ್ಲಿ ನೋಡಬೇಕಾದ ಜಾಗಗಳು ಪ್ಯಾರಾಪೆಟ್ ಗೋಡೆ ತಾರಸಿಗೆ ಸೇರುವ ಮೂಲೆ ಮತ್ತು ಮಳೆನೀರಿನ ಕೊಳವೆಯ ಬಾಯಿ. ತಾರಸಿಯ ಬಾಯಿಗಳನ್ನು ಮುಚ್ಚಿ ಎರಡು ಅಂಗುಲ ನೀರು ನಿಲ್ಲಿಸಿ ಒಂದೆರಡು ದಿನ ಬಿಟ್ಟರೆ ಸಂದೇಹ ಪರಿಹಾರವಾಗುತ್ತದೆ. ಮೇಲಿನ ಬಚ್ಚಲಿಗೂ ಇದೇ ಪರೀಕ್ಷೆ: ಜಾಲರಿಗೆ ಬಟ್ಟೆ ಗಿಡಿದು ನೆಲದಲ್ಲಿ 24 ಗಂಟೆ ನೀರು ನಿಲ್ಲಿಸಿ ಕೆಳಗೆ ನೋಡಬೇಕು, ನೆಲ ಸೋರದಿದ್ದರೆ ಗೋಡೆಯೊಳಗಿನ ಕೊಳವೆಯನ್ನು ಶಂಕಿಸಬೇಕು. ಆ ಕಾಲದ ಮನೆಗಳಲ್ಲಿ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ, ಕೊಳವೆಗಳೇ ಹೆಚ್ಚು, ಅವು ಒಳಗಿನಿಂದ ತುಕ್ಕು ತಿಂದು ಸೋರುವ ವಯಸ್ಸು ಇದು.

ಉಳಿದದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಇಷ್ಟು ದೊಡ್ಡ ಮನೆಯ ತಪಾಸಣೆಗೆ ಸಾಮಾನ್ಯವಾಗಿ ಮೂರು ನಾಲ್ಕು ಗಂಟೆ ಹಿಡಿಯುತ್ತದೆ, ಖರ್ಚು ಕೊಳ್ಳುವವರದು. ಸಂಪು ಸೋರುತ್ತದೆಯೇ ಎಂದು ತಿಳಿಯಲು ನಲ್ಲಿ, ಪಂಪು ಎರಡನ್ನೂ ನಿಲ್ಲಿಸಿ ಹಿಂದಿನ ರಾತ್ರಿಯ ನೀರಿನ ಮಟ್ಟವನ್ನು ಗುರುತು ಮಾಡಿಸುತ್ತಾರೆ. ಬಾಗಿಲ ಚೌಕಟ್ಟು, ಅಟ್ಟದ ಹಲಗೆಗಳಲ್ಲಿ ಗೆದ್ದಲಿನ ಮಣ್ಣಿನ ಗೆರೆಗಳನ್ನು ಹುಡುಕುತ್ತಾರೆ. ವಿದ್ಯುತ್ತಿನ ಕಡೆ, ಪಿಂಗಾಣಿ ಫ್ಯೂಸುಗಳೇ ಇನ್ನೂ ಇವೆಯೇ, ಗೀಸರಿನ ತಂತಿ ತಕ್ಕಷ್ಟು ದಪ್ಪವಿದೆಯೇ, ಭೂಸಂಪರ್ಕ ಕೆಲಸ ಮಾಡುತ್ತಿದೆಯೇ ಎಂದು ನೋಡುತ್ತಾರೆ. ಸೋರುವ ವಿದ್ಯುತ್ತನ್ನು ಗುರುತಿಸಿ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಅದನ್ನು ಮಾತ್ರ ನೀವೇ ಈಗಲೇ ಹಾಕಿಸಿಬಿಡಿ. ಖರ್ಚು ಸಣ್ಣದು, ಮನೆ ಮಾರಾಟವಾಗುವವರೆಗೆ ಅದರಡಿ ಇರುವವರು ನೀವೇ ತಾನೆ. ಕಾಗದಪತ್ರದಲ್ಲಿ ಎಂಜಿನಿಯರ್ ಮುಖ್ಯವಾಗಿ ಕೇಳುವುದು ಮಂಜೂರಾದ ನಕ್ಷೆಯನ್ನು. ಮೇಲಿನ ಕೋಣೆ ಆ ನಕ್ಷೆಯಲ್ಲಿ ಇದೆಯೇ, ನಂತರ ಸೇರಿಸಿದ್ದೇ ಎಂಬುದನ್ನು ನೀವೇ ಮೊದಲು ನೋಡಿಕೊಳ್ಳಿ. ಚಾವಣಿಯ ಕಂಬಿಗೆ ಪರಿಹಾರವಿದೆ. ನಕ್ಷೆಯಲ್ಲಿಲ್ಲದ ಕೋಣೆ ಬ್ಯಾಂಕಿನ ಮೌಲ್ಯಮಾಪಕರ ಮೇಜಿಗೆ ಹೋದಾಗ ಆಗುವ ತಡ ಅದಕ್ಕಿಂತ ದೊಡ್ಡದು. ಇ-ಖಾತಾ, ತೆರಿಗೆ ರಸೀದಿ, ಋಣಭಾರ ಪ್ರಮಾಣಪತ್ರ ಹೇಗೂ ವಕೀಲರು ಕೇಳುತ್ತಾರೆ.

ನಿಮ್ಮ ಮುಂದೆ ಈಗ ಇರುವ ದಾರಿಗಳು ಮೂರು. ಎಲ್ಲವನ್ನೂ ರಿಪೇರಿ ಮಾಡಿಸಿ ಆಮೇಲೆ ತಪಾಸಣೆಗೆ ಕರೆಯುವುದು ಒಂದು. ಇದರಲ್ಲಿ ಹಣ, ಸಮಯ ಎರಡೂ ಹೋಗುತ್ತವೆ. ಬಚ್ಚಲಿನ ಟೈಲ್ಸ್ ಬದಲಿಸಿದರೆ ಕೊಳ್ಳುವವರು ತಮಗೆ ಬೇಕಾದಂತೆ ಅದನ್ನು ಮತ್ತೆ ಒಡೆಸುವುದನ್ನೂ ಕಂಡಿದ್ದೇನೆ. ಏನನ್ನೂ ಮುಟ್ಟದೆ, ದೋಷಗಳನ್ನು ಬರೆದುಕೊಟ್ಟು ಬೆಲೆಯಲ್ಲಿ ಬಿಡುವುದು ಇನ್ನೊಂದು. ಇದರ ಅಪಾಯವೆಂದರೆ, ಕೊಳ್ಳುವವರು ರಿಪೇರಿಯ ಖರ್ಚನ್ನು ಭಯದಿಂದ ಎರಡು ಮೂರು ಪಟ್ಟು ಅಂದಾಜಿಸುತ್ತಾರೆ. ಮೂರನೆಯದು, ನೀವೇ ಒಬ್ಬ ಎಂಜಿನಿಯರನ್ನು ಮೊದಲು ಕರೆಸಿ ನೋಡಿಸುವುದು. ಇದು ಒಳ್ಳೆಯದೇ, ಆದರೆ ಒಂದು ಎಚ್ಚರಿಕೆ: ಅವರು ಹೇಳಿದ ಮೇಲೆ ಆ ದೋಷ ನಿಮಗೆ ‘ಗೊತ್ತಿರುವ’ ದೋಷವಾಗುತ್ತದೆ. ವರದಿಯಲ್ಲಿ ಇಷ್ಟವಾದ ಪುಟವನ್ನು ತೋರಿಸಿ ಉಳಿದದ್ದನ್ನು ಬೀರುವಿನಲ್ಲಿಡುವಂತಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಇವುಗಳನ್ನು ಬೆರೆಸುತ್ತಿದ್ದೆ. ಮಳೆ ಬರುವ ಮುನ್ನ ತಾರಸಿಯ ಮೂಲೆ ಮತ್ತು ಕೊಳವೆಯ ಬಾಯಿಯ ಕೆಲಸವನ್ನು ಮುಗಿಸುತ್ತಿದ್ದೆ, ಏಕೆಂದರೆ ಅದನ್ನು ಬಿಟ್ಟರೆ ಹಾನಿ ಬೆಳೆಯುತ್ತದೆ. ನಡುಮನೆಯ ಕಂಬಿ ಮತ್ತು ಮೇಲಿನ ಬಚ್ಚಲನ್ನು ಹಾಗೆಯೇ ತೆರೆದಿಟ್ಟು, ರಿಪೇರಿಗೆ ಇಬ್ಬರು ಗುತ್ತಿಗೆದಾರರಿಂದ ಲಿಖಿತ ಅಂದಾಜು ತರಿಸಿ ತಪಾಸಣೆಯ ದಿನವೇ ಎಂಜಿನಿಯರ ಕೈಗೆ ಕೊಡುತ್ತಿದ್ದೆ. ಎದುರಿಗೆ ಒಂದು ನಿಖರ ಅಂಕಿಯಿದ್ದಾಗ ಮಾತುಕತೆ ಅದರ ಸುತ್ತಲೇ ನಡೆಯುತ್ತದೆ, ಭಯದ ಅಂದಾಜಿನ ಸುತ್ತ ನಡೆಯುವುದಿಲ್ಲ. ಬಣ್ಣವನ್ನು ಮುಟ್ಟುತ್ತಿರಲಿಲ್ಲ.

ತಪಾಸಣೆಯ ದಿನ ಗೋಡೆಗೆ ಆನಿಸಿದ ಬೀರುಗಳನ್ನು ಒಂದಡಿ ಮುಂದೆ ಸರಿಸಿ, ಸಿಂಕಿನ ಕೆಳಗಿನ ಡಬ್ಬಗಳನ್ನು ತೆಗೆದು, ತಾರಸಿಯ ಬೀಗದ ಕೈ ಮತ್ತು ಏಣಿಯನ್ನು ಸಿದ್ಧವಾಗಿಡಿ. ಮೀಟರ್ ಪೆಟ್ಟಿಗೆ, ಸಂಪಿನ ಮುಚ್ಚಳ, ಚರಂಡಿಯ ಛೇಂಬರುಗಳು ತೆರೆಯುವಂತಿರಲಿ. ನೋಡಲಾಗದ ಜಾಗವನ್ನು ಎಂಜಿನಿಯರ್ ‘ನೋಡಲಾಗಲಿಲ್ಲ’ ಎಂದು ವರದಿಯಲ್ಲಿ ಬರೆಯುತ್ತಾರೆ, ಓದುವವರು ಅದನ್ನು ‘ನೋಡಲು ಬಿಡಲಿಲ್ಲ’ ಎಂದು ಅರ್ಥ ಮಾಡಿಕೊಳ್ಳುತ್ತಾರೆ. ನೀವು ಮನೆಯಲ್ಲಿರಿ, ಕೇಳಿದ್ದಕ್ಕೆ ಉತ್ತರಿಸಿ, ಆದರೆ ಪ್ರತಿ ಕಲೆಗೂ ಹಿಂದೆಯೇ ಹೋಗಿ ಸಮಜಾಯಿಷಿ ಕೊಡಬೇಡಿ. ದಲ್ಲಾಳಿ ಆ ಹೊತ್ತಿನಲ್ಲಿ ಇಲ್ಲದಿದ್ದರೆ ಇನ್ನೂ ಒಳ್ಳೆಯದು.

ಇನ್ನು ಟೋಕನ್ ವಿಚಾರ. ಅದು ವಾಪಸಾಗಬೇಕೇ ಬೇಡವೇ ಎಂಬುದು ನೀವು ಕೊಟ್ಟ ರಸೀದಿಯಲ್ಲಿ ಏನು ಬರೆದಿದೆ ಎಂಬುದನ್ನು ಅವಲಂಬಿಸುತ್ತದೆ. ಬಹುಪಾಲು ರಸೀದಿಗಳಲ್ಲಿ ತಪಾಸಣೆಯ ಮಾತೇ ಇರುವುದಿಲ್ಲ, ಜಗಳ ಹುಟ್ಟುವುದೂ ಅಲ್ಲಿಂದಲೇ. ಎಂಜಿನಿಯರ್ ಬರುವ ಮೊದಲೇ ನಿಮ್ಮ ವಕೀಲರಿಂದ ಒಂದು ಪುಟದ ಒಪ್ಪಂದ ಬರೆಸಿ ಇಬ್ಬರೂ ಸಹಿ ಹಾಕಿ. ತಪಾಸಣೆ ಯಾವ ದಿನ, ವರದಿಯ ಪ್ರತಿ ನಿಮಗೂ ಸಿಗಬೇಕು ಎಂಬುದು, ವರದಿ ಬಂದ ಎಷ್ಟು ದಿನದೊಳಗೆ ಅವರು ಹೌದು ಅಥವಾ ಅಲ್ಲ ಎನ್ನಬೇಕು, ಯಾವ ಕಾರಣಕ್ಕೆ ಹಿಂದೆ ಸರಿದರೆ ಟೋಕನ್ ಪೂರ್ತಿ ವಾಪಸು, ಯಾವುದಕ್ಕೆ ಇಲ್ಲ ಎಂಬುದು ಅದರಲ್ಲಿರಲಿ. ಈ ಉತ್ತರದಲ್ಲಿ ಹೇಳಿದ ಮೂರು ದೋಷಗಳನ್ನು ಅದೇ ಪುಟದಲ್ಲಿ ‘ಮಾರುವವರು ತಿಳಿಸಿರುವ ದೋಷಗಳು’ ಎಂದು ನಮೂದಿಸಿ. ಹಾಗೆ ನಮೂದಿಸಿದ ದೋಷವನ್ನೇ ಮುಂದೆ ಮಾಡಿ ಅವರು ಟೋಕನ್ ಮರಳಿ ಕೇಳುವಂತಿಲ್ಲ ಎಂಬ ಸಾಲನ್ನು ಸೇರಿಸಲು ವಕೀಲರಿಗೆ ಹೇಳಿ.